ರಂಪಣಿ ಬಲೆಯನ್ನು ಮತ್ತೊಮ್ಮೆ ಎಳೆಯುವುದಿಲ್ಲ: ಸಾಕ್ಷ್ಯಚಿತ್ರದ ಛಾಯಾಗ್ರಾಹಕರ ಕೆಲಸ ಏನು, ಹೇಗೆ?

ಅಂಕೋಲಾ ತಾಲೂಕಿನ ತುಳಸಿ ಗೌಡ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಅದೇ ತಾಲೂಕಿನ ಸುಕ್ರಿ ಬೊಮ್ಮಗೌಡ ಹೋದರು. ಒಬ್ಬರು ಕಾಡಿನ ಗಿಡಗಳನ್ನು ಮಕ್ಕಳಂತೆ ಬೆಳೆಸಿದವರು, ಇನ್ನೊಬ್ಬರು ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡುಗಳನ್ನು ನಾಲಿಗೆಯ ಮೇಲೆ ಉಳಿಸಿಕೊಂಡಿದ್ದವರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಇನ್ನು ಅವರ ದನಿ, ನಡಿಗೆ, ಕೈಯ ಚಲನೆ ಕಾಣಬೇಕೆಂದರೆ ಯಾರೋ ಹಿಂದೆ ಚಿತ್ರೀಕರಿಸಿ ಇಟ್ಟದ್ದೇ ಗತಿ. ಚಿತ್ರೀಕರಿಸಿದವರಿಗೆ ಕೆಲಸ ಗೊತ್ತಿದ್ದರೆ ಹಾಡಿನ ಪದ ಪದವೂ ಕೇಳುತ್ತದೆ. ಗೊತ್ತಿಲ್ಲದಿದ್ದರೆ ಮೈಕಿಗೆ ಬಡಿದ ಗಾಳಿಯ ಭರ್ರೆನ್ನುವ ಸದ್ದಷ್ಟೇ ಉಳಿದಿರುತ್ತದೆ.

ಆ ಕೆಲಸ ಏನು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಸ್ಪಷ್ಟವಿಲ್ಲ. ಅಳಿವೆಯ ದಂಡೆಗೋ ಶಿರಸಿಯ ತೋಟಕ್ಕೋ ಕ್ಯಾಮೆರಾ ಹೊತ್ತವರು ಬರುತ್ತಾರೆ, ನಾಲ್ಕು ದಿನ ಸುಮ್ಮನೆ ಓಡಾಡಿದಂತೆ ಕಾಣುತ್ತದೆ, ಹೋಗುತ್ತಾರೆ. ಗುಂಡಿ ಒತ್ತುವುದಕ್ಕೆ ನಾಲ್ಕು ದಿನ ಯಾಕೆ?

ಮೊದಲು ಎರಡು ಪದ

ಸಾಕ್ಷ್ಯಚಿತ್ರ ಎಂದರೆ ನಿಜವಾದ ಜನ, ನಿಜವಾದ ಜಾಗ, ನಿಜವಾಗಿ ನಡೆಯುವ ಕೆಲಸವನ್ನು ಇಟ್ಟುಕೊಂಡು ಕಟ್ಟುವ ಚಿತ್ರ. ಅದರ ಛಾಯಾಗ್ರಾಹಕರು ದೃಶ್ಯಗಳನ್ನು ಸೆರೆಹಿಡಿಯುವವರು. ಕಥಾಚಿತ್ರದಲ್ಲಿ ಬೆಳಕು ಸರಿಯಿಲ್ಲದಿದ್ದರೆ ದೀಪ ಬದಲಿಸಿ ನಟನಿಗೆ ‘ಇನ್ನೊಮ್ಮೆ’ ಎನ್ನಬಹುದು. ಇಲ್ಲಿ ಮೀನು ಬಲೆಗೆ ಬೀಳುವ ಗಳಿಗೆಗೆ ಇನ್ನೊಮ್ಮೆ ಇಲ್ಲ. ಕಥಾಚಿತ್ರದಲ್ಲಿ ಹತ್ತಾರು ಜನ ಹಂಚಿಕೊಳ್ಳುವ ಕೆಲಸವನ್ನು ಇಲ್ಲಿ ಒಬ್ಬರೋ ಇಬ್ಬರೋ ಮಾಡುತ್ತಾರೆ. ಕ್ಯಾಮೆರಾ, ಫೋಕಸ್, ಬೆಳಕು ಎಲ್ಲ ಅವರದೇ. ಬಹಳ ಸಲ ಮೈಕ್ ಕೂಡ ಅವರದೇ, ಜೀಪಿನ ಸ್ಟೇರಿಂಗ್ ಕೂಡ.

ಮತ್ತೆ ಬರುವುದು, ಮತ್ತೆ ಬಾರದ್ದು

ಈ ಕೆಲಸದ ತಿರುಳು ಇಲ್ಲಿದೆ. ಕಣ್ಣೆದುರು ನಡೆಯುವುದರಲ್ಲಿ ಯಾವುದು ಮರುಕಳಿಸುತ್ತದೆ, ಯಾವುದು ಒಂದೇ ಸಲ ಆಗುತ್ತದೆ ಎಂದು ಮೊದಲೇ ವಿಂಗಡಿಸಿಕೊಳ್ಳಬೇಕು.

ಕಾರವಾರದ ದಂಡೆಯ ರಂಪಣಿಯನ್ನೇ ನೋಡಿ. ದೋಣಿ ಬಲೆಯನ್ನು ಕಡಲಿಗೆ ಒಯ್ದು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ಎರಡೂ ತುದಿಯ ಹಗ್ಗ ದಂಡೆಯ ಮೇಲೆ ಎರಡು ಗುಂಪಿನ ಕೈಯಲ್ಲಿ. ಗುಂಪುಗಳು ಎಳೆಯುತ್ತ ಎಳೆಯುತ್ತ ಒಂದಕ್ಕೊಂದು ಹತ್ತಿರವಾಗುತ್ತವೆ. ದೋಣಿ ಅಲೆ ಸೀಳಿ ಹೊರಡುವುದು ಒಂದೇ ಸಲ. ಕೊನೆಗೆ ಬಲೆಯ ಹೊಟ್ಟೆ ದಡ ಮುಟ್ಟಿ ಬಂಗುಡೆ ಮಿಣುಗುವುದೂ ಒಂದೇ ಸಲ, ಅದೂ ಕೆಲವೇ ನಿಮಿಷ. ನಡುವಿನ ಎಳೆತ ಮಾತ್ರ ತುಂಬ ಹೊತ್ತು ಒಂದೇ ಲಯದಲ್ಲಿ ಸಾಗುತ್ತದೆ. ಆದ್ದರಿಂದ ಗೊತ್ತಿರುವವರು ದೋಣಿ ಹೊರಡುವಾಗ ಅಗಲ ಲೆನ್ಸ್ ಹಾಕಿ ದೂರ ನಿಂತು ಇಡೀ ದೃಶ್ಯ ಹಿಡಿಯುತ್ತಾರೆ. ಎಳೆಯುವ ಹೊತ್ತಿನಲ್ಲಿ ಹತ್ತಿರದ ತುಣುಕು ಕೂಡಿಸುತ್ತಾರೆ: ಹಗ್ಗ ಹಿಡಿದ ಅಂಗೈ, ಮರಳಲ್ಲಿ ಹುಗಿದ ಹಿಮ್ಮಡಿ, ಎಣಿಕೆ ಹೇಳುವವನ ಬಾಯಿ, ಕಾಯುತ್ತ ಕೂತ ಹೆಂಗಸರ ಬುಟ್ಟಿ. ಬಲೆ ದಡದಿಂದ ಐವತ್ತು ಹೆಜ್ಜೆ ಇದೆ ಎನ್ನುವಾಗ ಹೊಸ ಬ್ಯಾಟರಿ, ಖಾಲಿ ಕಾರ್ಡ್ ಹಾಕಿಕೊಂಡು ಜಾಗ ಹಿಡಿಯುತ್ತಾರೆ. ಹೊಸಬರು ಇದರ ತಿರುವುಮುರುವು ಮಾಡುತ್ತಾರೆ. ಎಳೆಯುವುದನ್ನೇ ಅರ್ಧ ಗಂಟೆ ಒಂದೇ ಜಾಗದಿಂದ ಹಿಡಿದು, ಮೀನು ಬರುವಾಗ ‘ಬ್ಯಾಟರಿ ಮುಗಿದಿದೆ’ ಎಂಬ ಕೆಂಪು ಗುರುತು ನೋಡುತ್ತ ನಿಲ್ಲುತ್ತಾರೆ.

ಪ್ರತಿ ಶಾಟ್ ಕನಿಷ್ಠ 10 ಸೆಕೆಂಡು ಅಲುಗದೆ ನಿಲ್ಲಬೇಕು. ಸಂಕಲನಕಾರರು ಅದರಲ್ಲಿ 3 ಸೆಕೆಂಡನ್ನಷ್ಟೇ ಬಳಸಬಹುದು, ಆದರೆ ಯಾವ 3 ಎಂದು ಆರಿಸಲು ಅವರಿಗೆ ಜಾಗ ಬೇಕು. ಇನ್ನೊಂದು ಎಡವಟ್ಟು ದಿಕ್ಕಿನದು. ಒಂದು ಗುಂಪು ತೆರೆಯ ಮೇಲೆ ಬಲಕ್ಕೆ ಎಳೆಯುವಂತೆ ಕಂಡಿತು ಎನ್ನಿ. ನೀವು ಹಗ್ಗ ದಾಟಿ ಆಚೆ ಬದಿಯಿಂದ ಹಿಡಿದರೆ ಅದೇ ಜನ ಎಡಕ್ಕೆ ಎಳೆಯುವಂತೆ ಕಾಣುತ್ತಾರೆ. ಎರಡನ್ನೂ ಜೋಡಿಸಿದರೆ ನೋಡುವವರಿಗೆ ಅದು ಹಗ್ಗಜಗ್ಗಾಟ! ಆ ಹಗ್ಗವನ್ನೇ ಗಡಿಗೆರೆ ಎಂದುಕೊಂಡು ಒಂದೇ ಬದಿಯಲ್ಲಿ ಇರಬೇಕು. ದಾಟಲೇಬೇಕಾದರೆ ಕ್ಯಾಮೆರಾ ಚಾಲೂ ಇಟ್ಟುಕೊಂಡೇ ದಾಟಬೇಕು.

ಶಿರಸಿ, ಸಿದ್ದಾಪುರದ ಅಡಿಕೆ ತೋಟದಲ್ಲಿ ಲೆಕ್ಕ ಬೇರೆ. ಕೊನೆಗೌಡ ಒಂದು ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಇಳಿಸಿ ಮತ್ತೊಂದಕ್ಕೆ ಹೋಗುತ್ತಾನೆ, ದಿನಕ್ಕೆ ಎಷ್ಟೋ ಮರ. ಇಲ್ಲಿ ಕೆಲಸವೇ ಎರಡನೇ ಅವಕಾಶ ಕೊಡುತ್ತದೆ. ಮೊದಲ ಮರ ದೂರದಿಂದ, ಎರಡನೆಯದಕ್ಕೆ ಕಾಲು ಮತ್ತು ಕೈ, ಮೂರನೆಯದಕ್ಕೆ ಬುಡದಲ್ಲಿ ಮಲಗಿ ಮೇಲ್ಮುಖ, ನಾಲ್ಕನೆಯದಕ್ಕೆ ಹಗ್ಗದಲ್ಲಿ ಜಾರಿ ಬರುವ ಕೊನೆಯನ್ನು ಹಿಡಿಯುವವನ ಮುಖ. ಕೂಡಿಸಿದಾಗ ಒಂದೇ ಮರದಂತೆ ಕಾಣುತ್ತದೆ. ಒಂದೇ ಷರತ್ತು: ಇಷ್ಟನ್ನೂ ಸುಮಾರು ಒಂದು ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ನೆರಳು ಬೇರೆ ಕಡೆ ಬಿದ್ದು ಮೋಸ ಬಯಲಾಗುತ್ತದೆ.

ಬಿಸಿಲಿನ ಲೆಕ್ಕ

ಕ್ಯಾಮೆರಾಕ್ಕೆ ಬೆಳಕು ಬರುವುದು ಅಳಿವೆಯಂಚಿನ ಗಜನಿ ಗದ್ದೆಗೆ ಉಬ್ಬರದ ನೀರು ಬಂದ ಹಾಗೆ. ಕಟ್ಟೆಯ ಬಾಗಿಲನ್ನು ಎಷ್ಟು ಅಗಲ ತೆರೆದಿದ್ದೀರಿ ಎಂಬುದು ಅಪರ್ಚರ್. ಎಷ್ಟು ಹೊತ್ತು ತೆರೆದಿಟ್ಟಿರಿ ಎಂಬುದು ಶಟರ್. ಬಂದ ನೀರಿಗೆ ಗದ್ದೆ ಎಷ್ಟು ಬೇಗ ತುಂಬಿದಂತೆ ಕಾಣುತ್ತದೆ ಎಂಬುದು ಐಎಸ್‌ಒ, ಅಂದರೆ ಸಂವೇದನೆ.

ಸ್ಥಿರಚಿತ್ರದವರು ಶಟರ್ ಅನ್ನು ಬೇಕಾದಂತೆ ಬದಲಿಸುತ್ತಾರೆ. ವಿಡಿಯೊದಲ್ಲಿ ಆ ಸ್ವಾತಂತ್ರ್ಯ ಕಡಿಮೆ. ಸೆಕೆಂಡಿಗೆ 25 ಚೌಕಟ್ಟು ಹಿಡಿಯುವಾಗ ಶಟರ್ 1/50 ಸೆಕೆಂಡು ಇದ್ದರೆ ಚಲನೆ ಕಣ್ಣಿಗೆ ಸಹಜವಾಗಿ ಕಾಣುತ್ತದೆ. 1/1000 ಇಟ್ಟರೆ ಅಲೆಯ ಹನಿ ಹನಿಯೂ ಕತ್ತರಿಸಿದಂತೆ ಜಿಗಿಜಿಗಿ ಎನ್ನುತ್ತದೆ. ಇನ್ನೊಂದು ಕಾರಣ ಕರೆಂಟಿನದು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಹಾಗಾಗಿ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಡಿಯುತ್ತವೆ. 1/50ರಲ್ಲಿ ಪ್ರತಿ ಚೌಕಟ್ಟಿಗೂ ಸರಿಯಾಗಿ ಎರಡು ಮಿಡಿತ ಸಿಗುತ್ತವೆ. 1/60 ಇಟ್ಟರೆ ಒಂದೂ ಮುಕ್ಕಾಲಿಗಿಂತ ತುಸು ಕಡಿಮೆ ಸಿಕ್ಕು ಬೆಳಕು ಏರಿಳಿಯುತ್ತದೆ. ದೇವಸ್ಥಾನದ ಮೊಬೈಲ್ ವಿಡಿಯೊಗಳಲ್ಲಿ ಕಪ್ಪು ಪಟ್ಟಿ ಓಡುವುದು ಇದೇ ಕಾರಣಕ್ಕೆ.

ಶಟರ್ ಕಟ್ಟಿಹಾಕಿದ ಮೇಲೆ ನಡುಹಗಲ ಕಡಲತೀರದಲ್ಲಿ ಬೆಳಕು ಮಿತಿಮೀರುತ್ತದೆ. ಎಷ್ಟು? ಹಳೆಯ ಲೆಕ್ಕದ ಪ್ರಕಾರ ನೆತ್ತಿಯ ಬಿಸಿಲಿಗೆ ಐಎಸ್‌ಒ 100, ಶಟರ್ 1/100, ಅಪರ್ಚರ್ ಎಫ್/16 (ಎಫ್ ಅಂಕೆ ಚಿಕ್ಕದಾದಷ್ಟೂ ಬಾಗಿಲು ಅಗಲ). ಈಗಿನ ಕ್ಯಾಮೆರಾದ ಮೂಲ ಐಎಸ್‌ಒ 800 ಎಂದಿಟ್ಟುಕೊಳ್ಳಿ, ಅಲ್ಲಿಗೆ ಬೆಳಕು ಮೂರು ಸಲ ದುಪ್ಪಟ್ಟು. ಶಟರ್ 1/50 ಆದದ್ದಕ್ಕೆ ಇನ್ನೊಂದು ಸಲ. ಹಿನ್ನೆಲೆ ಮಸುಕಾಗಲೆಂದು ಎಫ್/4 ಬಯಸಿದರೆ ಮತ್ತೆ ನಾಲ್ಕು ಸಲ. ಒಟ್ಟು ಎಂಟು ಸಲ ದುಪ್ಪಟ್ಟು, ಅಂದರೆ 256 ಪಟ್ಟು ಹೆಚ್ಚು ಬೆಳಕು. ಅದನ್ನು ತಡೆಯುವುದು ಎನ್‌ಡಿ ಫಿಲ್ಟರ್, ಲೆನ್ಸಿಗೆ ಹಾಕುವ ಕಪ್ಪು ಕನ್ನಡಕ. ತಿರುಗಿಸಿ ಹೆಚ್ಚುಕಡಿಮೆ ಮಾಡುವ ಎನ್‌ಡಿ ಅನುಕೂಲವೇ ಸರಿ, ಆದರೆ ಅಗಲ ಲೆನ್ಸಿನಲ್ಲಿ ಪೂರ್ತಿ ತಿರುಗಿಸಿದರೆ ಆಕಾಶದ ಮೇಲೆ ಗುಣಾಕಾರ ಚಿಹ್ನೆಯಂತೆ ಕಪ್ಪು ನೆರಳು ಬೀಳುತ್ತದೆ. ಕಡಲಿಗೆ ಎದುರಾಗಿ ಹಿಡಿಯುವಾಗ ಒಂದೊಂದು ಸಾಂದ್ರತೆಯ ಬಿಡಿ ಫಿಲ್ಟರುಗಳೇ ಲೇಸು.

ಸಂಜೆಯದು ಮತ್ತೊಂದು ಆತುರ. ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗಿದ ಮೇಲೆ ಬಳಸಲು ಬರುವ ಬೆಳಕು 20–25 ನಿಮಿಷ, ಅಷ್ಟೆ. ಯುರೋಪಿನ ಚಿತ್ರಗಳಲ್ಲಿ ಕಾಣುವ ಎಳೆದಷ್ಟೂ ಮುಗಿಯದ ಮುಸ್ಸಂಜೆ ಇಲ್ಲಿಲ್ಲ.

ತೋಟದೊಳಗೆ ಹಸಿರಾಗುವ ಮುಖ

ಅಡಿಕೆ ತೋಟದಲ್ಲಿ ಕೂತವರ ಮುಖ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಕ್ಯಾಮೆರಾದಲ್ಲಿ ಮಾತ್ರ ಕಾಮಾಲೆಯ ಕಳೆ. ಮೇಲಿನಿಂದ ಬರುವ ಬೆಳಕು ಎಲೆ ದಾಟಿ, ಎಲೆಗೆ ಬಡಿದು ಹಸಿರು ಹೊತ್ತು ಬರುತ್ತದೆ. ನಮ್ಮ ಮಿದುಳು ಅದನ್ನು ತಾನಾಗಿ ತಿದ್ದಿಕೊಳ್ಳುತ್ತದೆ, ಯಂತ್ರಕ್ಕೆ ಹೇಳಿಕೊಡಬೇಕು. ಆ ಹೇಳಿಕೊಡುವುದಕ್ಕೇ ವೈಟ್ ಬ್ಯಾಲೆನ್ಸ್ ಎಂದು ಹೆಸರು. ಕೂತವರ ಮುಖದ ಹತ್ತಿರ ಬೂದು ಅಥವಾ ಬಿಳಿ ಕಾರ್ಡ್ ಹಿಡಿದು ‘ಇದು ಬಣ್ಣವಿಲ್ಲದ್ದು’ ಎಂದು ಗುರುತು ಹಾಕಿಸಬೇಕು. ಅಷ್ಟಾದರೂ ಎಲೆ ಸಂದಿಯ ಬಿಸಿಲ ಚುಕ್ಕೆ ಒಂದು ಕೆನ್ನೆಗೆ, ಕತ್ತಲೆ ಇನ್ನೊಂದಕ್ಕೆ. ಪರಿಹಾರ ಸರಳ: ತೋಟದ ಅಂಚಿಗೆ ಕರೆತಂದು ನೆರಳಲ್ಲೇ ಕೂರಿಸಿ, ಬಯಲಿನ ಕಡೆ ಮುಖ ಮಾಡಿಸುವುದು, ಎದುರಿಗೆ ಒಂದು ಬಿಳಿ ಪಂಚೆ ಹರಡುವುದು. ಪಂಚೆಗಿಂತ ಒಳ್ಳೆಯ ರಿಫ್ಲೆಕ್ಟರ್ ಹಳ್ಳಿಯಲ್ಲಿ ಸಿಗುವುದಿಲ್ಲ.

ಜಗುಲಿಯಲ್ಲಿ ಸಂದರ್ಶನ ಮಾಡುವಾಗ ಅಂಗಳ ಹಿನ್ನೆಲೆಯಾಗಬಾರದು. ಅಂಗಳ ಬೆಳ್ಳಗೆ ಸುಟ್ಟುಹೋಗುತ್ತದೆ, ಇಲ್ಲವೇ ಮುಖ ಕರ್ರಗೆ ಉಳಿಯುತ್ತದೆ. ಕೂತವರನ್ನು ಅಂಗಳಕ್ಕೆ ಓರೆಯಾಗಿ ತಿರುಗಿಸಿದರೆ ಬಾಗಿಲ ಬೆಳಕೇ ದೊಡ್ಡ ದೀಪ. ಮಳೆಗಾಲದ ಮೋಡ ಇದಕ್ಕೆ ವರ. ಆಕಾಶವೆಲ್ಲ ಒಂದೇ ಬಿಳಿ ಬಟ್ಟೆಯಾಗಿ, ಮುಖದ ಸುಕ್ಕು ಸುಕ್ಕೂ ಮೃದುವಾಗಿ ಕಾಣುತ್ತದೆ.

ಆಟದ ರಾತ್ರಿ, ಬೇಡರ ವೇಷದ ರಾತ್ರಿ

ಬಡಗುತಿಟ್ಟಿನ ಯಕ್ಷಗಾನ ಹಿಡಿಯುವವರಿಗೆ ಎರಡು ಗಂಡಾಂತರ. ಒಂದು, ಕೆಂಪು. ವೇಷದ ಕೆಂಪು ಬಟ್ಟೆ, ಹಣೆಯ ಕೆಂಪು ಬಣ್ಣ ರಂಗಸ್ಥಳದ ಎಲ್‌ಇಡಿಯಲ್ಲಿ ಎಷ್ಟು ಉರಿಯುತ್ತವೆಂದರೆ ಅಲ್ಲಿನ ನೆರಿಗೆ, ಗೆರೆ ಎಲ್ಲ ಅಳಿಸಿ ಒಂದೇ ಕೆಂಪು ತೇಪೆಯಾಗುತ್ತದೆ. ಒಟ್ಟು ಬೆಳಕಿನ ಅಳತೆ ಸರಿ ಎಂದು ತೋರಿಸುತ್ತಿರುವಾಗಲೇ ಕೆಂಪು ಮಾತ್ರ ತುಂಬಿ ಚೆಲ್ಲಿರುತ್ತದೆ. ಬಣ್ಣ ಬಣ್ಣಕ್ಕೆ ಬೇರೆ ಅಳತೆ ತೋರಿಸುವ ಗ್ರಾಫ್ ತೆರೆದಿಟ್ಟು, ಕೆಂಪಿಗೆ ತಕ್ಕಂತೆ ಬೆಳಕು ಇಳಿಸಬೇಕು. ಎರಡನೆಯದು ಚಂಡೆ. ಭಾಗವತರ ದನಿಗೆ ಮೈಕಿನ ಮಟ್ಟ ಹೊಂದಿಸಿ ಆರಾಮಾಗಿ ಕೂತರೆ, ಚಂಡೆಗೆ ಮೊದಲ ಪೆಟ್ಟು ಬಿದ್ದಾಗ ಸದ್ದು ಒಡೆದುಹೋಗುತ್ತದೆ, ಆಮೇಲೆ ಯಾವ ಯಂತ್ರವೂ ಅದನ್ನು ಕೂಡಿಸಲಾರದು. ಆಟ ಶುರುವಾಗುವ ಮುಂಚಿನ ಚಂಡೆಯ ಅಬ್ಬರದಲ್ಲೇ ಮಟ್ಟ ಹೊಂದಿಸಿ, ಅದೇ ಸದ್ದನ್ನು 10–12 ಡೆಸಿಬೆಲ್ ಕೆಳಗೆ ಇನ್ನೊಂದು ಟ್ರ್ಯಾಕಿಗೂ ಬಿಡುವುದು ಕ್ರಮ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಹಚ್ಚಿಕೊಳ್ಳುವುದನ್ನು ಹಿಡಿಯಲು ಮಾತ್ರ ಮೊದಲೇ ಹೋಗಿ ಕೇಳಿಕೊಳ್ಳಬೇಕು. ವೇಷ ಕಟ್ಟುವಾಗ ನಡುವೆ ಲೈಟ್ ಹಿಡಿದು ನುಗ್ಗಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಶಿರಸಿಯ ಬೀದಿ ಕುಣಿತ ಬೇಡರ ವೇಷ ಇನ್ನೂ ಕಠಿಣ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಎಂದರೆ ಎರಡು ವರ್ಷಕ್ಕೊಮ್ಮೆ, ಹೋಳಿಯ ಹೊತ್ತಿಗೆ ಬರುವಂಥದ್ದು. ತಪ್ಪಿದರೆ ಎರಡು ವರ್ಷ ಕಾಯಿರಿ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಹಿಂದಿನಿಂದ ಹಗ್ಗ ಹಿಡಿದು ತಡೆಯುವವರು, ತಮಟೆ, ನೂಕುನುಗ್ಗಲು, ಅಂಗಡಿಯೊಂದರ ಬಿಳಿ ಬೆಳಕಿನಿಂದ ಬೀದಿದೀಪದ ಹಳದಿಗೆ ನೆಗೆಯುವ ವೇಷ. ಇಲ್ಲಿ ಟ್ರೈಪಾಡ್ ನಡೆಯದು, ಜೂಮ್ ನಡೆಯದು. 24 ಮಿ.ಮೀ. ಲೆನ್ಸ್, ಎಫ್/2ರ ಆಸುಪಾಸು, ಐಎಸ್‌ಒ 3200, ಕ್ಯಾಮೆರಾ ಎದೆಗೆ ಒತ್ತಿ ಎರಡು ಮೂರು ಅಡಿ ಹತ್ತಿರ. ವೈಟ್ ಬ್ಯಾಲೆನ್ಸ್ ಒಂದೇ ಅಂಕೆಗೆ ಕಟ್ಟಿಹಾಕಬೇಕು. ತಾನಾಗಿ ಬದಲಾಗಲು ಬಿಟ್ಟರೆ ಪ್ರತಿ ಅಂಗಡಿಯ ಮುಂದೆ ವೇಷದ ಬಣ್ಣ ಬದಲಾಗುತ್ತ ಹೋಗುತ್ತದೆ.

ಕಿವಿ ಮರೆತರೆ ಕಣ್ಣೂ ಹೋಯಿತು

ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಮೈಕಿನ ನಿಯಮ ಒಂದೇ: ಹತ್ತಿರ. ದೂರ ದುಪ್ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಅಲೆಯ ಮೊರೆತ ಮಾತ್ರ ಹಾಗೇ ಇರುತ್ತದೆ. ಅಂಗಿಗೆ ಸಿಕ್ಕಿಸುವ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ. ದಂಡೆಯಲ್ಲಾದರೆ ಅದಕ್ಕೆ ತುಪ್ಪಟದ ಟೊಪ್ಪಿ ಬೇಕೇ ಬೇಕು, ಬರೀ ಸ್ಪಂಜು ಕಡಲಗಾಳಿಗೆ ಸಾಲದು. ಮಾತಾಡುವವರು ಗಾಳಿಗೆ ಬೆನ್ನು ಮಾಡಿ ಕೂತರೆ ಅರ್ಧ ಸಮಸ್ಯೆ ಮುಗಿಯಿತು. ಘಟ್ಟದ ಮೇಲೆ ಶತ್ರು ಜೀರುಂಡೆ. ಸಂಜೆ ಅದು ಶುರುವಾದರೆ ಸಂದರ್ಶನ ನಿಲ್ಲಿಸುವುದೇ ಮೇಲು, ಏಕೆಂದರೆ ಅದರ ಕೀರಲು ಮಾತಿನ ವ್ಯಂಜನಗಳ ಮೇಲೆಯೇ ಬಂದು ಕೂರುತ್ತದೆ. ಹಂಚಿನ ಮಾಡಿನ ಮೇಲೆ ಮಳೆ ಬಿದ್ದರೂ ಅಷ್ಟೆ.

ಭಾಷೆಯ ವಿಷಯ ಚಿಕ್ಕದು, ಆದರೆ ಮುಖ್ಯ. ಹಾಲಕ್ಕಿ ಕನ್ನಡವೋ ಹವಿಗನ್ನಡವೋ ಕೊಂಕಣಿಯೋ, ಅವರವರ ಮಾತಲ್ಲೇ ಹೇಳಲಿ. ಕ್ಯಾಮೆರಾ ಕಂಡು ಪುಸ್ತಕದ ಕನ್ನಡಕ್ಕೆ ಹೊರಳಿದ ಕೂಡಲೇ ಕೈಯೂ ಮುಖವೂ ಮರಗಟ್ಟುತ್ತವೆ.

ಪಂಚಾಂಗ, ಉಬ್ಬರದ ಪಟ್ಟಿ, ಅನುಮತಿ

ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ಅಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರನ್ನು ಹಿಡಿಯಬೇಕೆಂದರೆ ಗಡಿಯಾರಕ್ಕಿಂತ ನೀರು ನೋಡಬೇಕು. ಕೆಸರು ದಿಬ್ಬ ತೆರೆದುಕೊಳ್ಳುವುದು ಇಳಿತದಲ್ಲಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ಸುತ್ತಮುತ್ತ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಬೆಳಗಿನ ಎಳೆಬಿಸಿಲೂ ದೊಡ್ಡ ಇಳಿತವೂ ಒಟ್ಟಿಗೆ ಬೇಕೆಂದರೆ ತಿಂಗಳಲ್ಲಿ ಕೆಲವೇ ದಿನ. ‘ನಾಲ್ಕು ದಿನ ಸುಮ್ಮನೆ ಓಡಾಡಿದರು’ ಎನ್ನುವುದರ ಹಿಂದಿನ ಗುಟ್ಟು ಇದೇ. ಹಾಗೆಯೇ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯುವ ಹಾಗಿಲ್ಲ. ಆಗ ಬಂದರಿನಲ್ಲಿ ಸಿಗುವುದು ಬಲೆ ಹೊಲಿಯುವ ಕೈಗಳು, ಕಡಲಿಗೆ ಹೋಗುವ ದೋಣಿಗಳಲ್ಲ.

ಹುಲಿ ಸಂರಕ್ಷಿತ ಪ್ರದೇಶದೊಳಗೆ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಡ್ರೋನಿಗೆ 2021ರ ಡ್ರೋನ್ ನಿಯಮಗಳಿವೆ: ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಅವಕಾಶ, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ನೌಕಾನೆಲೆಯೂ ಕೈಗಾ ಅಣುಸ್ಥಾವರವೂ ಇರುವ ಕಾರವಾರ ಸೀಮೆಯಲ್ಲಿ ನಕ್ಷೆ ನೋಡದೆ ಡ್ರೋನ್ ಎತ್ತುವುದು ಶುದ್ಧ ಮೂರ್ಖತನ. ದೋಣಿಯಿಂದ ಹಾರಿಸುವವರಿಗೆ ಇನ್ನೊಂದು ಎಚ್ಚರ: ಸಂಪರ್ಕ ತಪ್ಪಿದರೆ ಡ್ರೋನ್ ತಾನು ಎದ್ದ ಜಾಗಕ್ಕೆ ಮರಳುತ್ತದೆ. ದೋಣಿ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ, ಡ್ರೋನ್ ನೆಟ್ಟಗೆ ನೀರಿಗೆ ಇಳಿಯುತ್ತದೆ.

ಉಪ್ಪು ಮತ್ತು ತೇವ

ಕಡಲ ಸೀರ್ಪನಿ ಒಣಗಿದರೆ ಉಪ್ಪಿನ ಹರಳು. ಒಣಬಟ್ಟೆಯಲ್ಲಿ ಉಜ್ಜಿದರೆ ಲೆನ್ಸಿನ ಲೇಪ ಕೆರೆದುಹೋಗುತ್ತದೆ. ಮೊದಲು ಸಿಹಿನೀರಲ್ಲಿ ಹಿಂಡಿದ ಬಟ್ಟೆ, ಆಮೇಲೆ ಒಣಬಟ್ಟೆ. ಟ್ರೈಪಾಡನ್ನು ನೀರಲ್ಲಿ ನಿಲ್ಲಿಸುವಾಗ ಎಲ್ಲಕ್ಕಿಂತ ಕೆಳಗಿನ ಸಪೂರ ಕಾಲನ್ನೇ ಮೊದಲು ಎಳೆಯಬೇಕು, ಆಗ ತಿರುಪುಗಳು ನೀರಿನಿಂದ ಮೇಲೆ ಉಳಿಯುತ್ತವೆ. ಎಂಜಿನ್ ದೋಣಿಯಲ್ಲಂತೂ ಟ್ರೈಪಾಡ್ ಬೇಡವೇ ಬೇಡ, ಎಂಜಿನ್ನಿನ ನಡುಕ ಕಾಲಿನ ಮೂಲಕ ನೇರ ಚಿತ್ರಕ್ಕೆ ಏರುತ್ತದೆ. ಮೊಣಕಾಲು ತುಸು ಮಡಿಸಿ ಕೈಯಲ್ಲೇ ಹಿಡಿದರೆ ಮೈ ಆ ನಡುಕವನ್ನು ನುಂಗಿಕೊಳ್ಳುತ್ತದೆ. ಬಿಸಿಲಿದ್ದರೆ 24 ಮಿ.ಮೀ. ಲೆನ್ಸನ್ನು ಎಫ್/5.6ಕ್ಕೆ ಇಟ್ಟು 3.5 ಮೀಟರಿಗೆ ಫೋಕಸ್ ಕಟ್ಟಿದರೆ, ಪೂರ್ಣ ಅಳತೆಯ ಸೆನ್ಸರಿನಲ್ಲಿ ಸುಮಾರು 1.75 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಅಲುಗುವ ದೋಣಿಯಲ್ಲಿ ಫೋಕಸ್ ಹುಡುಕುವ ಗೋಳೇ ಇಲ್ಲ.

ಎಸಿ ಕೋಣೆಯಿಂದ ನೇರ ಹೊರಗೆ ತಂದರೆ ತಣ್ಣಗಿನ ಗಾಜಿನ ಮೇಲೆ ಬೆವರು ಕೂರುತ್ತದೆ. ಮುಚ್ಚಿದ ಚೀಲದಲ್ಲೇ ಅರ್ಧ ಮುಕ್ಕಾಲು ಗಂಟೆ ಬಿಡಬೇಕು. ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಜೇಡರಬಲೆಯಂತೆ ಹಬ್ಬುತ್ತದೆ. ಗಾಳಿಯ ತೇವ 40–50 ಪ್ರತಿಶತದಲ್ಲಿ ಇಡುವ ಡಬ್ಬಿ ಬೇಕು. ಕೊಳ್ಳಲಾಗದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ. ಅಕ್ಕಿಯಲ್ಲಿ ಹುಗಿಯುವ ಉಪಾಯ ಮಾಡಬೇಡಿ, ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ.

ರಾತ್ರಿಯ ಪಾಳಿ

ಹಿಂದೆ 16 ಮಿ.ಮೀ. ಫಿಲ್ಮಿನ 400 ಅಡಿಯ ಸುರುಳಿ ಸುಮಾರು 11 ನಿಮಿಷ ಓಡುತ್ತಿತ್ತು. ಕೈ ತಾನಾಗಿಯೇ ಬಿಗಿಯಾಗುತ್ತಿತ್ತು. ಈಗ ಒಂದು ಗಂಟೆಯ ಚಿತ್ರಕ್ಕೆ 60 ಗಂಟೆ ಹಿಡಿದು ತರುವುದು ಅಪರೂಪವಲ್ಲ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಗಂಟೆಗೆ 45 ಜಿಬಿ, ದಿನಕ್ಕೆ ಮೂರು ಗಂಟೆ ಹಿಡಿದರೆ 135 ಜಿಬಿ. ಊಟವಾದ ಮೇಲೆ ಇಷ್ಟನ್ನೂ ಎರಡು ಬೇರೆ ಬೇರೆ ಡಿಸ್ಕಿಗೆ ಇಳಿಸಿ, ಪ್ರತಿ ಕಡತ ಮೂಲಕ್ಕೆ ತಾಳೆಯಾಗುತ್ತದೆಯೇ ಎಂದು ತಂತ್ರಾಂಶದಿಂದ ಪರೀಕ್ಷಿಸಿ, ಯಾವ ಕಾರ್ಡಿನಲ್ಲಿ ಯಾರು, ಎಲ್ಲಿ, ಏನು ಎಂದು ಬರೆದಿಡಬೇಕು. ಎರಡು ಡಿಸ್ಕ್ ಒಂದೇ ಚೀಲದಲ್ಲಿದ್ದರೆ ಒಂದೇ ಡಿಸ್ಕ್ ಇದ್ದಂತೆಯೇ. ಇಷ್ಟೆಲ್ಲ ಆಗುವ ಮುಂಚೆ ಕಾರ್ಡ್ ಅಳಿಸಬಾರದು. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ನಡುವೆ ಕೈಕೊಡುವುದು ಖಂಡಿತ, ಲ್ಯಾಪ್‌ಟಾಪ್ ತುಂಬ ಚಾರ್ಜ್ ಆಗಿಯೇ ಇರಲಿ.

ನಿಮ್ಮ ಮನೆಗೆ ಕ್ಯಾಮೆರಾ ಬಂದರೆ

ಚಿತ್ರ ಯಾವುದಕ್ಕೆ, ಎಲ್ಲಿ ತೋರಿಸುತ್ತಾರೆ ಎಂದು ಮೊದಲೇ ಕೇಳಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಂಡು ಸಹಿ ಮಾಡಿ. ಮಕ್ಕಳಿದ್ದರೆ ತಂದೆತಾಯಿಯ ಒಪ್ಪಿಗೆ ಬೇಕು. ಬೇಡವೆನಿಸಿದ್ದನ್ನು ಹಿಡಿಯಬೇಡಿ ಎನ್ನಲು ಸಂಕೋಚ ಬೇಡ.

ಸಣ್ಣ ಗೆರೆಗಳ ಅಂಗಿ ತೆರೆಯ ಮೇಲೆ ಅಲೆಯಲೆಯಾಗಿ ಕುಣಿಯುತ್ತದೆ, ಅದಕ್ಕೇ ಬೇರೆ ಅಂಗಿ ಹಾಕಿಕೊಳ್ಳಿ ಎನ್ನುತ್ತಾರೆ. ಗಾಜಿನ ಬಳೆ ಮೈಕಿಗೆ ಗುಡುಗಿನಂತೆ ಕೇಳುತ್ತದೆ. ‘ಕ್ಯಾಮೆರಾ ನೋಡಬೇಡಿ, ನನ್ನನ್ನು ನೋಡಿ ಹೇಳಿ’ ಎಂದರೆ ಅದು ಅವರ ಧಿಮಾಕಲ್ಲ, ಮಾತು ಮನುಷ್ಯನ ಜೊತೆ ಆಡಿದಂತೆ ಬರಲಿ ಎಂದು. ‘ಎಷ್ಟು ವರ್ಷದಿಂದ?’ ಎಂದರೆ ‘ನಲವತ್ತು’ ಎಂದು ನಿಲ್ಲಿಸದೆ ‘ನಾನು ನಲವತ್ತು ವರ್ಷದಿಂದ ಬಲೆ ಹೊಲಿಯುತ್ತಿದ್ದೇನೆ’ ಎನ್ನಿ. ಪ್ರಶ್ನೆ ಕೇಳಿದವರ ದನಿಯನ್ನು ಆಮೇಲೆ ಕತ್ತರಿಸಿ ತೆಗೆಯುತ್ತಾರೆ.

ಎಲ್ಲ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಬೇಡಿ, ಏಳಬೇಡಿ ಎಂದು ಕೈಮುಗಿಯುತ್ತಾರೆ. ಆಗ ದಾಖಲಾಗುವುದು ನಿಮ್ಮ ಮನೆಯ ಮೌನ. ಪ್ರತಿ ಕೋಣೆಯ ಮೌನವೂ ಬೇರೆ. ಮಾತುಗಳನ್ನು ಕತ್ತರಿಸಿ ಜೋಡಿಸಿದ ಕಡೆ ಬಿರುಕು ಕೇಳದಂತೆ ಈ ಮೌನವನ್ನು ಗಾರೆಯ ಹಾಗೆ ತುಂಬುತ್ತಾರೆ. ಅದಕ್ಕಾಗಿಯೇ ಮೊದಲೇ ಫ್ಯಾನು, ಫ್ರಿಜ್ಜು ಆಫ್ ಮಾಡಿಸಿರುತ್ತಾರೆ. ಅನುಭವಸ್ಥರು ತಮ್ಮ ಗಾಡಿಯ ಕೀಲಿಯನ್ನು ಆ ಫ್ರಿಜ್ಜಿನೊಳಗೇ ಇಡುತ್ತಾರೆ, ಹೊರಡುವಾಗ ಕೀಲಿ ಹುಡುಕಿದರೆ ಫ್ರಿಜ್ಜಿನ ನೆನಪಾಗಲೆಂದು. ಇಡದವರು ಬಂದಿದ್ದರೆ, ಅವರ ಜೀಪು ಗೇಟು ದಾಟುವ ಮುಂಚೆ ನೀವೇ ಒಮ್ಮೆ ಸ್ವಿಚ್ ನೋಡಿ. ಒಳಗೆ ಮೀನಿರುತ್ತದೆ.